ಎತ್ತುಗಳು ಎಬ್ಬಿಸಿದ ಪಿಕಪ್ಪು

ಆ ಸಂಜೆಯನ್ನು ನೆನೆದರೆ ಈಗ ನನಗೆ ನಗು ತಡೆಯುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ನಗುವ ಹಾಗಿರಲಿಲ್ಲ.

ಝಳಕಿಯ ಹತ್ತಿರ ನಮ್ಮ ನಿಂಬೆಯ ತೋಟ. ಮಗ ಹೊಸ ಗಾಡಿ ತಂದ ಮೇಲೆ ಹಳೆಯ ಪಿಕಪ್ಪು ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಮಳೆನೀರು ಒಳಗಿಳಿದು ಇಂಜಿನ್ ಜಾಮಾಯಿತು. ಡೀಸೆಲ್ ಗಾಡಿಗಳ ರಿಪೇರಿ ಕಲಿತು ಬಂದ ಮೊಮ್ಮಗಳು ಅದನ್ನು ತನಗೆ ಕೊಡಿ ಎಂದಳು. ಎಬ್ಬಿಸಿ, ಊರವರ ನಿಂಬೆಹಣ್ಣನ್ನು ಇಂಡಿಯ ಮಾರುಕಟ್ಟೆಗೆ ತಾನೇ ಸಾಗಿಸುತ್ತೇನೆ ಎಂದಳು. ಮಗ ಆಗಲೇ ಗುಜರಿಯವನಿಗೆ ಮಾತು ಕೊಟ್ಟಿದ್ದ. ಅವನು ಬರುವುದರೊಳಗೆ ಚಾಲೂ ಆದರೆ ನಿನ್ನದು, ಇಲ್ಲವಾದರೆ ಅವನದು ಎಂದುಬಿಟ್ಟ.

ಅವಳು ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲಿಗೆ ಆಯಿಲ್ ಬೆರೆಸಿ ಸುರಿದು, ವಾರವೆಲ್ಲ ನೆನೆಯಲು ಬಿಟ್ಟಳು. ನಟ್ಟು ಬಿಚ್ಚುವ ದೊಡ್ಡ ಪಾನಾ ಹಾಕಿ ಇಂಜಿನ್ ತಿರುವಲು ನೋಡಿದಳು, ನಾನೂ ಕೈ ಹಚ್ಚಿದೆ. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಸಂಜೆಗೆ ಬರುತ್ತೇನೆಂದು ಗುಜರಿಯವನು ಫೋನ್ ಮಾಡಿದ ದಿನ ಮಗ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. "ಟಾಪ್ ಗೇರಿಗೆ ಹಾಕು. ಒಮ್ಮೆ ಜಗ್ಗಿದ್ರ ಎಲ್ಲಾ ಬಿಡ್ತೈತಿ."

"ಬಿಡೂದಿಲ್ಲಪ್ಪಾ, ಮುರೀತೈತಿ," ಎಂದಳು ಮೊಮ್ಮಗಳು.

ಗೇರಿನಲ್ಲಿಟ್ಟು ಎಳೆದರೆ ಗಾಲಿಯ ಜೊತೆ ಇಂಜಿನ್ನೂ ತಿರುಗುತ್ತದೆ, ಆದರೆ ಒಳಗೆ ಕಚ್ಚಿಕೊಂಡ ಪಿಸ್ಟನ್ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಕೂದಲೆಳೆಯಷ್ಟೇ ಸರಿಯಬೇಕು, ಟ್ರ್ಯಾಕ್ಟರಿಗೆ ಮೆಲ್ಲಗೆ ಅನ್ನುವುದು ಗೊತ್ತಿಲ್ಲ ಎಂದು ನನಗೆ ತಿಳಿಸಿ ಹೇಳಿದಳು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಪಿಸ್ಟನ್ ಕಂಡವನಲ್ಲ. ಆದರೆ ಕುಂಟೆ ಬೇರಿಗೆ ಸಿಕ್ಕರೆ ಏನು ಮಾಡಬೇಕೆಂಬುದು ಗೊತ್ತು. ಎತ್ತುಗಳನ್ನು ಹೊಡೆದರೆ ಕುಂಟೆ ಮುರಿಯುತ್ತದೆ. ಬಾರುಕೋಲು ಕೆಳಗಿಟ್ಟು ಬೆನ್ನ ಮೇಲೆ ಅಂಗೈ ಇಟ್ಟರೆ, ನನ್ನ ಎತ್ತುಗಳು ನಡೆಯದೆ ಬರೀ ಭಾರ ಹಾಕಿ ನಿಲ್ಲುತ್ತವೆ.

ಎತ್ತು ಬಿಚ್ಚಿ ತಂದೆ. ಮಗ ನಕ್ಕ. "ಎಪ್ಪಾ, ಎತ್ತಿಗೂ ಲೈಸೆನ್ಸ್ ಮಾಡ್ಸೀಯೇನು?"

ಆದರೂ ಹೋಗಿ ಪಿಕಪ್ಪನ್ನು ಟಾಪ್ ಗೇರಿಗೆ ಹಾಕಿ ಸ್ಟೇರಿಂಗ್ ಹಿಡಿದು ಕುಳಿತ. ನೊಗಕ್ಕೆ ಹಗ್ಗ ಹಾಕಿ ಪಿಕಪ್ಪಿನ ಮೂತಿಗೆ ಬಿಗಿದೆ. ಹಗ್ಗ ಸೆಟೆಯಿತು. ಎತ್ತುಗಳ ತೊಡೆಗಳು ನಡುಗಿದವು. ಗಾಡಿ ಅಲುಗಲಿಲ್ಲ. ಸಡಿಲ ಬಿಟ್ಟು ಹಿಂದೆ ಕಟ್ಟಿದೆ, ಮತ್ತೆ ಮುಂದೆ, ಮತ್ತೆ ಹಿಂದೆ. ಹೊತ್ತು ಇಳಿಯುತ್ತಿತ್ತು. ಒಮ್ಮೆಲೇ ಒಳಗೆ 'ಕಟ್' ಎಂದಿತು.

ಮುರಿಯಿತೋ, ಬಿಟ್ಟಿತೋ? ಮೊಮ್ಮಗಳು ಓಡಿ ಬಂದಳು. ಇಂಜಿನ್ನಿನ ಪಕ್ಕ ಬಗ್ಗಿ ಕಿವಿ ಇಟ್ಟಳು.

"ಮುತ್ಯಾ, ಇನ್ನೊಂದೀಟು," ಎಂದಳು ಮೆಲ್ಲಗೆ.

ಅಂಗೈ ಒತ್ತಿದೆ. ಫ್ಯಾನಿನ ರೆಕ್ಕೆ ನಾಲ್ಕು ಬೆರಳಷ್ಟು ಸರಿಯಿತು. ತೂತಿನಿಂದ ಕರಿ ಎಣ್ಣೆ ಚಿಮ್ಮಿ ಅವಳ ಗಲ್ಲಕ್ಕೆ ಬಡಿಯಿತು. ಒರೆಸಿಕೊಳ್ಳಲಿಲ್ಲ ನನ್ನ ಬಂಗಾರ.

ಎಣ್ಣೆ ಬದಲಿಸಿ, ನಾಜಲ್ ಕೂಡಿಸಿ, ಹೊಸ ಗಾಡಿಯ ಬ್ಯಾಟರಿ ತಂದು ಹಾಕುವಷ್ಟರಲ್ಲಿ ಗುಜರಿಯವನ ಲಾರಿ ಬಂದು ನಿಂತಿತ್ತು. ಅವಳು ಚಾವಿ ತಿರುವಿದಳು. ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ನಿಂತಿತು. ಗುಜರಿಯವನು ಲಾರಿಯಿಂದ ಸರಪಳಿ ಇಳಿಸತೊಡಗಿದ. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ತಿರುವಿದಳು. ಬುಸ್ಸನೆ ಬಿಳಿ ಹೊಗೆ ಎದ್ದು, ಗಾಡಿ ಮೈಯೆಲ್ಲ ಗಡಗಡಿಸಿ ಚಾಲೂ ಆಯಿತು. ಬೇವಿಗೆ ಕಟ್ಟಿದ್ದ ಎತ್ತುಗಳು ಬೆದರಿ ಕಣ್ಣಿ ಹರಿದು ತೋಟಕ್ಕೆ ಓಡಿದವು. ಓಡಲಿ ಎಂದು ಬಿಟ್ಟೆ.

ಮಗ ಹೋಗಿ ಗುಜರಿಯವನ ಮುಂದೆ ನಿಂತ. "ಚಾ ಕುಡದು ಹೋಗ್ರಿ. ಗಾಡಿ ನಮ್ಮ ಹುಡಿಗೀದು."

ಆ ಚಹಾ ನಾನೇ ಮಾಡಿದೆ. ಗಾಡಿಯ ಸದ್ದು ಕೇಳುತ್ತ ಸಕ್ಕರೆ ಎರಡೆರಡು ಸಲ ಹಾಕಿದೆ.