ಬಾಲದ ಮಾಸ್ತರರು

ಸಂಗಪ್ಪ ಮಾಸ್ತರರ ಕುರ್ಚಿಯ ಹಿಂದಿನ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಬಾಲ. ಸೆಣಬಿನ ಹಗ್ಗದ್ದು, ಒಂದೂವರೆ ಮೊಳ ಉದ್ದ, ತುದಿಯಲ್ಲಿ ಎಳೆ ಬಿಚ್ಚಿ ಕುಚ್ಚು ಮಾಡಿದ್ದು. ಎಪ್ಪತ್ತರ ದಶಕದ ಮೊದಲಲ್ಲಿ ಲಕ್ಷ್ಮೇಶ್ವರದ ನಮ್ಮ ಶಾಲೆಯಲ್ಲಿ ಐದನೆಯ ಇಯತ್ತೆ ಓದಿದ ಯಾರೂ ಅದನ್ನು ಮರೆತಿರಲಾರರು. ಪಾಠದ ನಡುವೆ ಯಾವನಾದರೂ ಕಿಸಕ್ಕೆಂದರೆ ಸಾಕು, ಮಾಸ್ತರರು ಬಾಲವನ್ನು ಇಳಿಸಿ ಅವನ ಚಡ್ಡಿಯ ಹಿಂದೆ ಕಟ್ಟುತ್ತಿದ್ದರು. ಶಾಲೆ ಬಿಡುವ ತನಕ ಅವನು ಅದನ್ನು ಹೊತ್ತುಕೊಂಡೇ ಇರಬೇಕು.

"ಬಾಲಾ ಬಿಚ್ಚಬ್ಯಾಡಲೇ. ಬಿಚ್ಚಿದಿ ಅಂದ್ರ ಬುಡಕ್ಕನ ಕತ್ತರಿಸಿ ಒಗಿತೀನಿ!"

ಈ ಮಾತನ್ನು ಅವರು ಹುಡುಗರಿಗಷ್ಟೇ ಅಲ್ಲ, ಹಾಲಿನವನಿಗೂ ಹೇಳುತ್ತಿದ್ದರು. ಒಮ್ಮೆ ಹುಲಕೋಟಿಯಿಂದ ಬಂದ ಸ್ವಂತ ಅಳಿಯನಿಗೂ ಹೇಳಿದ್ದರು. ಹಾಗಂತ ಮಾಸ್ತರಿಕೆಯಲ್ಲಿ ಕಡಿಮೆಯವರಲ್ಲ. ಅವರಷ್ಟು ಚೆನ್ನಾಗಿ ವ್ಯಾಕರಣ ಹೇಳಿಕೊಟ್ಟವರು ಮುಂದೆ ನನಗೆ ಯಾರೂ ಸಿಗಲಿಲ್ಲ. ಇದನ್ನು ಒಪ್ಪಿಕೊಳ್ಳುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಸರದಿ ಬಂದದ್ದು ಅವರ ಧೋತರದ ಚುಂಗು ಕುರ್ಚಿಗೆ ಸಿಕ್ಕಿಕೊಂಡ ದಿನ. ಇಡೀ ತರಗತಿ ನಕ್ಕಿತು, ಕಣ್ಣಿಗೆ ಬಿದ್ದವನು ನಾನು. ಬಾಲ ಕಟ್ಟಿ, ಹಲಗೆಯ ಮೇಲೆ ಬರೆಯುವ ಖಡು ತರಲು ಮೂರನೆಯ ಇಯತ್ತೆಗೆ ಕಳಿಸಿದರು. ಅಲ್ಲಿ ನನ್ನ ತಂಗಿ ಶಾಂತಾ ಕೂತಿದ್ದಳು. ಸುತ್ತಲಿನ ಹುಡುಗರು ಹೋ ಎಂದು ನಗುವಾಗ ಅವಳು ಪಾಟಿಯ ಮೇಲೆ ತಲೆಯಿಟ್ಟು ಅತ್ತಳು. ಸಂಜೆಯ ಹೊತ್ತಿಗೆ ಓಣಿಯ ತುಂಬ ನಾನು 'ಬಾಲ್ಯಾ' ಆಗಿದ್ದೆ. ಬಸವರಾಜ ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಮುಂದೆ ಕಲಿತು, ಎಂಬತ್ತರ ದಶಕದ ನಡುವೆ ದನದ ಡಾಕ್ಟರನಾಗಿ ಊರಿಗೇ ಬಂದಾಗಲೂ ಜನ ನನ್ನನ್ನು ಬಾಲ್ಯಾ ಡಾಕ್ಟರ್ ಎಂದೇ ಕರೆದರು.

ಅಷ್ಟರಲ್ಲಿ ಮಾಸ್ತರರು ನಿವೃತ್ತರಾಗಿದ್ದರು. ಗದರಿಸಲು ಹುಡುಗರಿಲ್ಲದೆ ಬೇಸರ ಬಂದಿತ್ತೋ ಏನೋ, ಒಂದು ನಾಯಿ ಸಾಕಿದ್ದರು. ಬೆಕ್ಕಿಗಿಂತ ತುಸು ದೊಡ್ಡದು. ಹುರಿದ ಪುಟಾಣಿ ಕಡಲೆಯ ಬಣ್ಣ, ಅದಕ್ಕೇ ಅದರ ಹೆಸರು ಪುಟಾಣಿ. ಒಂದು ದಿನ ಅದರ ಬಾಲದ ತುದಿ ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ಗಾಯ ಮಾಯಲಿಲ್ಲ. ಮಾಸ್ತರರನ್ನು ಕಂಡಾಗಲೆಲ್ಲ ನಾಯಿ ಸಂತೋಷದಿಂದ ಬಾಲ ಬೀಸುವುದು, ಬಾಲ ಹೊರಸಿನ ಕಾಲಿಗೆ ಬಡಿಯುವುದು, ಗಾಯ ಮತ್ತೆ ಒಡೆಯುವುದು. "ಏ, ಅಲ್ಲಾಡಸಬ್ಯಾಡ!" ಎಂದು ಮಾಸ್ತರರು ತಮ್ಮ ಹಳೆಯ ದನಿಯಲ್ಲಿ ಗದರಿದರೆ ಅದು ಇನ್ನೂ ಜೋರಾಗಿ ಅಲ್ಲಾಡಿಸುತ್ತಿತ್ತು. ಅವರ ಗದರಿಕೆಗೆ ಹೆದರದ ಮೊದಲ ಪ್ರಾಣಿ ಅದೇ ಇರಬೇಕು.

ದವಾಖಾನೆಗೆ ತಂದಾಗ ತುದಿ ಕಪ್ಪಾಗಿತ್ತು.

"ಬಾಲಾ ಕತ್ತರಸಬೇಕ್ರಿ ಸರ್," ಎಂದೆ.

"ಯಾರ್ದು?" ಎಂದರು ಮಾಸ್ತರರು.

"ಇದರದ್ರಿ. ಈಗಾದರ ಎರಡು ಬೆರಳಷ್ಟು ಸಾಕು. ತಡಾ ಮಾಡಿದ್ರ ಕೊಳೆಯೋದು ಮ್ಯಾಲೆ ಏರತೈತಿ. ಬೆನ್ನಿಗೆ ಮುಟ್ಟಿದ್ರ ಜೀವಾ ಉಳಿಯೂದಿಲ್ಲ."

ಒಂದು ಕ್ಷಣ ವಿಚಾರಿಸದೆ ಹುಡುಗರಿಗೆ ಶಿಕ್ಷೆ ವಿಧಿಸುತ್ತಿದ್ದ ಮನುಷ್ಯ ಆಮೇಲೆ ಎಂಟು ದಿನ ಅಪೀಲಿಗೆ ಅಲೆದರು. ನಾಯಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಗದಗಿಗೆ ಹೋದರು. ಅಲ್ಲಿಯ ಡಾಕ್ಟರು ಕತ್ತರಿಸಿ ಎಂದರು. ಮುಂಡರಗಿಗೆ ಹೋದರು, ಅಲ್ಲಿಯೂ ಅದೇ ಮಾತು. ಕೊನೆಗೆ ಡೋಣಿಯಲ್ಲಿ ಕಪ್ಪತಗುಡ್ಡದ ಬೇರು, ತಪ್ಪಲು-ಸೊಪ್ಪು ತಂದು ಔಷಧ ಕೊಡುವ ಒಬ್ಬ ಮುದುಕನ ಮುಂದೆ ಕೂತರು. ಅವನು ಚೀಲದ ಬಾಯಿ ತೆರೆದು ಮೂಸಿ ನೋಡಿ, "ಇದಕ್ಕ ತಪ್ಪಲಾ ಹಚ್ಚೂದಲ್ರಿ ಮಾಸ್ತರ, ಕತ್ತಿ ಹಚ್ಚೂದು," ಎಂದನಂತೆ.

ಇದೆಲ್ಲವನ್ನೂ ನನಗೆ ಹೇಳಿದವರು ಅವರ ಹೆಂಡತಿ ನೀಲವ್ವ. ಎಂಟನೆಯ ದಿನ ಗಂಡನನ್ನೂ ನಾಯಿಯನ್ನೂ ಅವರೇ ದವಾಖಾನೆಗೆ ಕರೆದುಕೊಂಡು ಬಂದರು. ಅಷ್ಟರಲ್ಲಿ ಬಾಲ ಅರ್ಧದ ತನಕ ಕಪ್ಪಾಗಿತ್ತು, ನಾಯಿ ಅನ್ನ ಬಿಟ್ಟಿತ್ತು. ಆದರೂ ಮಾಸ್ತರರು "ಇನ್ನ ಎರಡು ದಿನಾ ನೋಡೋಣೇನು?" ಎಂದರು.

ನೀಲವ್ವ ಸಿಡಿದೆದ್ದರು. "ಮಂದಿ ಮಕ್ಕಳ ಬಾಲಾ ಕತ್ತರಸ್ತೀನಿ ಅಂತ ಮೂವತ್ತು ವರ್ಷ ಒದರಿದ್ರಿ. ಈಗ ಖರೇನ ಕತ್ತರಸೂದು ಬಂದ್ರ ಊರೂರು ತಿರಗಾಕ ಹತ್ತೀರಿ. ನಾಯಿ ಸತ್ತ ಮ್ಯಾಲೆ ಬಾಲಾ ದೇವರ ಜಗಲಿ ಮ್ಯಾಲೆ ಇಟ್ಟು ಪೂಜಿ ಮಾಡ್ತೀರೇನು?"

ಒಪ್ಪಿಗೆ ಬರೆದುಕೊಡಿ ಎಂದು ನಾನು ಕಾಗದ ಕೊಟ್ಟೆ. ಹಾಗೆ ಬರೆಸಿಕೊಳ್ಳುವ ಪದ್ಧತಿಯೇನೂ ನಮ್ಮಲ್ಲಿರಲಿಲ್ಲ. ಅವರ ಕೈಯಿಂದ ಬರೆಸಬೇಕೆಂಬ ಚಪಲ ನನ್ನದು. 'ಬಾಲವನ್ನು' ಎಂದು ದುಂಡಗೆ ಬರೆದು ಮಾಸ್ತರರು ತಲೆಯೆತ್ತಿದರು.

"ಕತ್ತರಿಸಲು ಅನ್ನೂದು ಬಿರುಸು ಆಗತೈತಿ. ತೆಗೆಯಲು ಅಂತ ಬರೀಲೇನು?"

"ನೀವ ಕಲಿಸಿದ ಶಬ್ದ ಐತಲ್ರಿ ಸರ್," ಎಂದೆ. ಅವರು 'ತೆಗೆಯಲು' ಎಂದೇ ಬರೆದರು.

ನಾಯಿಯನ್ನು ತಾವೇ ಹಿಡಿದುಕೊಳ್ಳುವ ಆಸೆ ಅವರಿಗೆ. "ನೀವು ಹೊರಗ ನಿಂದರ್ರಿ ಸರ್. ನಿಮ್ಮನ್ನ ನೋಡಿದ್ರ ಅದು ಬಾಲಾ ಬಿಚ್ಚತೈತಿ," ಎಂದೆ. ವೈದ್ಯರ ಲೆಕ್ಕದಲ್ಲಿ ಇದು ಸರಿಯಾದ ಮಾತೇ. ಆದರೆ ಹೇಳುವಾಗ ನನಗಾದ ಸುಖ ವೈದ್ಯರದ್ದಾಗಿರಲಿಲ್ಲ. ಮಾಸ್ತರರು ಹೊರಗೆ ಹೋಗಿ, ಶಿಕ್ಷೆಗೆ ನಿಂತ ಹುಡುಗನ ಹಾಗೆ ಕೈಕಟ್ಟಿ ಗೋಡೆಗೆ ಮುಖ ಮಾಡಿ ನಿಂತರು.

ಕೊನೆಯ ಹೊಲಿಗೆ ಹಾಕಿ ಕಿಟಕಿಯತ್ತ ನೋಡಿದೆ. ಅವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು. ಇಷ್ಟು ಅಳು ಇವರೊಳಗೆ ಇತ್ತು ಅಂದಮೇಲೆ, ಅವತ್ತು ಶಾಂತಾ ಅಳುವಾಗ ಅದನ್ನು ಎಲ್ಲಿ ಬಚ್ಚಿಟ್ಟಿದ್ದರು?

ನಾಯಿ ಉಳಿಯಿತು. ಬಾಲದ ಜಾಗದಲ್ಲಿ ಹೆಬ್ಬೆರಳಷ್ಟು ಮೋಟು.

ಕೊನೆಯ ಸಲ ಮಾಸ್ತರರನ್ನು ನೋಡಿದ್ದು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ಮೈಯಲ್ಲಿ ಹುಷಾರಿಲ್ಲದೆ ಹುಲಕೋಟಿಯ ಮಗಳ ಮನೆಗೆ ಹೊರಟಿದ್ದರು; ಅಲ್ಲಿಂದ ತಿರುಗಿ ಬರಲಿಲ್ಲ. ತೊಡೆಯ ಮೇಲೆ ಕೈಚೀಲ, ಚೀಲದಲ್ಲಿ ಪುಟಾಣಿ. ಅದು ನನ್ನನ್ನು ಕಂಡದ್ದೇ ಇಡೀ ಹಿಂಭಾಗವನ್ನು ಕುಣಿಸಿ, ತನ್ನ ಬಾಲ ಕತ್ತರಿಸಿದ ಕೈಯನ್ನೇ ನೆಕ್ಕಿತು. ಮಾಸ್ತರರು ನನ್ನನ್ನು ಅಕ್ಕರೆಯಿಂದ ನೋಡಿದರು.

"ಅಲ್ಲೋ ತಮ್ಮಾ, ಭಾಳ ದಿನದಿಂದ ಕೇಳಬೇಕಂತಿದ್ದೆ. ಊರಾಗ ಎಲ್ಲಾರೂ ನಿನಗ ಬಾಲ್ಯಾ ಡಾಕ್ಟರ್ ಅಂತಾರಲ್ಲ, ನಮ್ಮ ಪುಟಾಣಿ ಬಾಲಾ ತಗದಿದ್ದಕ್ಕ ಏನು?"

ಅವರ ಮುಖ ನೋಡಿದೆ. ಸುಳ್ಳಿರಲಿಲ್ಲ. ನಿಜಕ್ಕೂ ಮರೆತಿದ್ದರು. ಹದಿನೈದು ವರ್ಷದಿಂದ ತಿದ್ದಿ ತೀಡಿ ಇಟ್ಟುಕೊಂಡ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಪುಟಾಣಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.

"ಹೌದ್ರಿ ಸರ್," ಎಂದೆ. "ಅದಕ್ಕ."

"ಛಲೋ ಹೆಸರು ಗಳಿಸಿದಿ ಬಿಡು," ಎಂದರು ಮಾಸ್ತರರು.