ಗೋಂದಕ್ಕ ಒಪ್ಪದ ಸೈಕಲ್ಲು

ಗೋಂದಕ್ಕ ತೀರಿಕೊಂಡ ವಾರದೊಳಗೆ ವಿಶ್ವವಿದ್ಯಾಲಯದವರು ಸಂತಾಪ ಸೂಚಿಸಿದರು. ‘ನಮ್ಮ ಜ್ಞಾನಪರಂಪರೆಗೆ ಮೌನವಾಗಿ ಸೇವೆ ಸಲ್ಲಿಸಿದ ಹಿರಿಯ ಜೀವ’ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು. ಮೌನವಾಗಿಯಂತೆ! ಅವಳ ಬಾಯಿಗೆ ಹೆದರಿ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದವರೇ ಬರೆದ ಮಾತು. ಅಂಟಿಸಿದ್ದೂ ಸರಿಯಾಗಿರಲಿಲ್ಲ, ಮೇಲಿನ ಮೂಲೆ ಕಿತ್ತು ಜೋಲುತ್ತಿತ್ತು. ಅವಳು ನೋಡಿದ್ದರೆ ಮೊದಲು ಅದಕ್ಕೇ ಬೈಯುತ್ತಿದ್ದಳು.

ಅವಳು ಥೀಸಿಸ್‌ಗಳಿಗೆ ರಟ್ಟು ಕಟ್ಟುವವಳು. ಹಳೆಯ ಗ್ರಂಥಾಲಯದ ಹಿಂದಿನ ಗಲ್ಲಿಯಲ್ಲಿ ಒಂದೇ ಕಿಟಕಿಯ ಅಂಗಡಿ. ಒಳಗೆ ಕಾಗದ ಒತ್ತುವ ಕಬ್ಬಿಣದ ಯಂತ್ರ, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಸ್ಟವ್ ಮೇಲೆ ಸದಾ ಬೆಚ್ಚಗಿರುವ ಗೋಂದಿನ ಪಾತ್ರೆ. ಆ ವಾಸನೆ ಅವಳ ಸೀರೆಗೆ, ಕೂದಲಿಗೆ, ಹೆಸರಿಗೆ ಅಂಟಿಕೊಂಡಿತ್ತು. ಪಕ್ಕದ ಕೋಣೆ ನನ್ನದು. ನಾನು ಕರಡು ತಿದ್ದಿ ಕೊಟ್ಟಿದ್ದನ್ನು ಅವಳು ಹೊಲಿದು, ಅಂಟಿಸಿ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುತ್ತಿದ್ದಳು. ಒಳಗಿನ ಒಂದು ಸಾಲನ್ನೂ ಓದುತ್ತಿರಲಿಲ್ಲ.

“ಬರೆದವರಿಗೇ ಒಳಗೇನಿದೆ ಅಂತ ಗೊತ್ತಿರಲ್ಲ. ನನಗ್ಯಾಕೆ ಬೇಕು ಕಣೇ ಆ ಉಸಾಬರಿ?” ಎನ್ನುತ್ತಿದ್ದಳು.

ನಮ್ಮ ಸಮಾಜಶಾಸ್ತ್ರದ ಮೇಷ್ಟ್ರು ನಗರದ ಅಪರಾಧಗಳ ಬಗ್ಗೆ ಬರೆದ ಥೀಸಿಸ್ಸನ್ನು ಕಟ್ಟಿದವಳೂ ಅವಳೇ. ಆಗ ಅವರಿನ್ನೂ ಸಣ್ಣವರು, ಆಮೇಲೆ ವಿಭಾಗದ ಮುಖ್ಯಸ್ಥರಾಗಿ, ವಿಶ್ವವಿದ್ಯಾಲಯದ ಸುರಕ್ಷತಾ ಸಮಿತಿಗೆ ಅಧ್ಯಕ್ಷರಾದರು. ಆ ಥೀಸಿಸ್ಸನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟು, “ತುಂಬಾ ಒಳ್ಳೇದಾಗಿದೆ ಸಾರ್. ಕಳ್ಳ ಬಂದ್ರೆ ತಲೆ ಮೇಲೆ ಹಾಕಿದ್ರೆ ಸಾಕು” ಎಂದಿದ್ದಳಂತೆ. ಮೇಷ್ಟ್ರು ಅದನ್ನು ಹೊಗಳಿಕೆ ಎಂದುಕೊಂಡರು.

ನಮ್ಮೂರಿನ ಸುರಕ್ಷತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಶತಮಾನದಷ್ಟು ಹಳೆಯ ವಿಶ್ವವಿದ್ಯಾಲಯ, ಅದರ ಸುತ್ತ ಬೆಳೆದ ಊರು. ಊರು ಪ್ರವೇಶಿಸುವಲ್ಲಿ ‘ದೇಶದ ಅತ್ಯಂತ ಸುರಕ್ಷಿತ ವಿದ್ಯಾನಗರಕ್ಕೆ ಸ್ವಾಗತ’ ಎಂಬ ದೊಡ್ಡ ಬೋರ್ಡು. ಆ ಹೆಸರು ಬಂದದ್ದು ಕಳ್ಳರು ಕಡಿಮೆಯಾಗಿ ಅಲ್ಲ. ಪರ್ಸು ಹೊಡೆದರು ಎಂದು ಸ್ಟೇಷನ್ನಿಗೆ ಹೋದರೆ “ಎಲ್ಲೋ ಬೀಳಿಸ್ಕೊಂಡಿರ್ತೀರಿ, ನೆನಪು ಮಾಡ್ಕೊಳ್ಳಿ” ಎನ್ನುವರು. ಹುಡುಗಿಯೊಬ್ಬಳು ಯಾರೋ ಹಿಂಬಾಲಿಸಿದರು ಎಂದರೆ “ಸಂಜೆ ಬೇಗ ಹಾಸ್ಟೆಲ್ ಸೇರ್ಕೊಳ್ಳಮ್ಮ” ಎನ್ನುವರು. ಹೀಗೆ ಅಪರಾಧ ಇಳಿಯುತ್ತ ಹೋಯಿತು. ಸೈಕಲ್ಲೊಂದೇ ತಲೆನೋವು. ಎಲ್ಲರೂ ಸೈಕಲ್ ತುಳಿಯುವ ಊರು, ದಿನಬೆಳಗಾದರೆ ಒಂದು ಮಾಯ. ಹೊಸ ವಿದ್ಯಾರ್ಥಿಗಳನ್ನು ಸೇರಿಸುವ ತಿಂಗಳಲ್ಲಿ ಅಪ್ಪ ಅಮ್ಮಂದಿರು ಬಂದು ಅದನ್ನೇ ಕೇಳುತ್ತಿದ್ದರು. ಸೈಕಲ್ಲಿಗೇ ಗತಿಯಿಲ್ಲದ ಊರಲ್ಲಿ ಮಗಳನ್ನು ಹೇಗೆ ಬಿಡೋದು?

ಅಂಥ ಒಂದು ವರ್ಷ ಗೋಂದಕ್ಕನ ಸೈಕಲ್ಲೂ ಹೋಯಿತು. ಅವಳ ಅಪ್ಪನದು, ನಡುವೆ ಅಡ್ಡಕಂಬಿ ಇರುವ ಗಂಡಸರ ಸೈಕಲ್ಲು, ಕಪ್ಪು. ಕಟ್ಟಿದ ಥೀಸಿಸ್‌ಗಳನ್ನು ಸಾಗಿಸಲು ಹಿಂದೆ ಒಂದು ಹಲಗೆ ಬಿಗಿಸಿಕೊಂಡಿದ್ದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ಅಡ್ಡಕಂಬಿಯ ಮೇಲೆ ಕಾಲು ದಾಟಿಸಿ ಹತ್ತುವುದನ್ನು ನೋಡಿ ನಗುತ್ತಿದ್ದ ಹುಡುಗರಿಗೆ, “ನಗ್ರೋ ನಗ್ರೋ, ನಿಮ್ಮ ಡಾಕ್ಟರೇಟು ಇದರ ಬೆನ್ನ ಮೇಲೇ ಹೋಗ್ಬೇಕು” ಎನ್ನುವಳು. ಅದು ಗ್ರಂಥಾಲಯದ ಮುಂದಿನಿಂದಲೇ ಮಾಯವಾಯಿತು. ದೂರು ಕೊಟ್ಟಳು. ಕೊಟ್ಟಳು ಎಂದರೆ, ಸ್ಟೇಷನ್ನಿನ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿ ಕೂತು, ಬರೆದುಕೊಳ್ಳುವ ತನಕ ಏಳಲಿಲ್ಲ.

ಪ್ರವೇಶದ ತಿಂಗಳು ಶುರುವಾಗುವ ಮುನ್ನ ಪೊಲೀಸರು ಕಳ್ಳನನ್ನು ಹಿಡಿದೇಬಿಟ್ಟರು. ತಕ್ಕಡಿ ಎಂದು ಕರೆಯುತ್ತಿದ್ದ ಗುಜರಿಯವನು ಅವನು. ಗೋಂದಕ್ಕನ ಅಂಗಡಿಯ ಕಾಗದದ ಚೂರುಗಳನ್ನು ತೂಕಕ್ಕೆ ಕೊಂಡುಕೊಳ್ಳುತ್ತಿದ್ದವನೂ ಅವನೇ. ಅವರಿಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

“ಬೆರಳು ತೆಗೆಯೋ ತೂಕದ ಕಲ್ಲಿನ ಮೇಲಿಂದ! ನಿನ್ನ ಕೈ ಭಾರಕ್ಕೂ ನಾನೇ ಕಾಗದ ಕೊಡ್ಬೇಕಾ?”

“ಅಕ್ಕಾ, ನಿಮ್ಮ ಕಾಗದದಲ್ಲಿ ಅರ್ಧ ಗೋಂದೇ ಇರುತ್ತೆ, ಅದಕ್ಕೆ ನಾನು ಏನನ್ನಲಿ?”

ಇದು ಪ್ರತಿ ವಾರದ ಸಂಭಾಷಣೆ.

ವಿದ್ಯಾರ್ಥಿಗಳು ಓದು ಮುಗಿಸಿ ಊರು ಬಿಡುವಾಗ ಹಾಸ್ಟೆಲ್ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಟ್ಟುಹೋದ ಸೈಕಲ್ಲುಗಳನ್ನು ತಕ್ಕಡಿ ವಾರ್ಡನ್‌ಗಳಿಂದ ಕೊಳ್ಳುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ವ್ಯವಹಾರ. ಪೊಲೀಸರು ಅವನ ಶೆಡ್ಡಿಗೆ ನುಗ್ಗಿ ಮೂವತ್ತು ಚಿಲ್ಲರೆ ಸೈಕಲ್ಲುಗಳನ್ನು ಹೊರಗೆಳೆದರು, ತೊಳೆಸಿದರು, ಬಣ್ಣ ಬಳಿಸಿದರು. ದೂರು ಕೊಟ್ಟವರೂ ಸುಮಾರು ಅಷ್ಟೇ ಜನ. ಲೆಕ್ಕ ಕೂಡಿಬಂತು. ವಾರ್ಡನ್‌ಗಳನ್ನು ಕೇಳಿದರೆ ಒಬ್ಬರಿಗೂ ತಕ್ಕಡಿ ಎಂಬ ಪ್ರಾಣಿಯ ಪರಿಚಯವೇ ಇರಲಿಲ್ಲ.

ತಕ್ಕಡಿಯ ಹೆಂಡತಿ ಅಳುತ್ತ ಅಂಗಡಿಗೆ ಬಂದಾಗ ಗೋಂದಕ್ಕ, “ಅವನು ತೂಕದಲ್ಲಿ ಕಳ್ಳ, ಸೈಕಲ್ ಕಳ್ಳ ಅಲ್ಲ. ಬಿಡ್ತಾರೆ ಸುಮ್ನಿರು” ಎಂದಳು. ನಿಜವಾಗಿ ಹಾಗೇ ನಂಬಿದ್ದಳು.

ಕಳವಾದ ಮಾಲು ಹಿಂದಿರುಗಿಸುವ ಸಮಾರಂಭ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ನಡೆಯಿತು. ಕದ್ದವರು ಯಾರೇ ಆಗಲಿ, ಅಪ್ಪನ ಸೈಕಲ್ಲು ಸಿಕ್ಕಿತು ಎಂಬ ಸಡಗರದಲ್ಲಿ ಗೋಂದಕ್ಕ ತಲೆ ಬಾಚಿಕೊಂಡು, ನನ್ನನ್ನೂ ಎಳೆದುಕೊಂಡು ಹೋದಳು. ವೇದಿಕೆಯ ಕೆಳಗೆ ಸೈಕಲ್ಲುಗಳ ಸಾಲು, ಹೊಸ ಮದುಮಕ್ಕಳ ಹಾಗೆ ಮಿರಿಮಿರಿ ಮಿಂಚುತ್ತ. ಪಕ್ಕದಲ್ಲಿ ಇಬ್ಬರು ಪೇದೆಗಳ ನಡುವೆ, ಮುಖಕ್ಕೆ ಬಟ್ಟೆ ಮುಸುಕಿ ನಿಲ್ಲಿಸಿದ ತಕ್ಕಡಿ.

ಮೊದಲು ಮೇಷ್ಟ್ರನ್ನು ಕರೆದರು. ಅವರ ಹಳೆಯ ಲಟಾರಿ ಸೈಕಲ್ಲು ಹೋಗಿತ್ತು, ಗೇರಿರುವ ನೀಲಿ ಸೈಕಲ್ಲು ಸಿಕ್ಕಿತು. ಅವರು ಅದರ ಸೀಟು ತಟ್ಟಿ, ಮೈಕಿನಲ್ಲಿ, “ನನ್ನ ಹಳೆಯ ಗೆಳೆಯ ಮರಳಿ ಬಂದ” ಎಂದರು. ಕಣ್ಣೂ ಒರೆಸಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಹೋಗಿ, ಕಳೆದುಕೊಂಡಿದ್ದಕ್ಕಿಂತ ಒಳ್ಳೆಯದನ್ನು ಹಿಡಿದು, ಫೋಟೊಕ್ಕೆ ಹಲ್ಲು ಕಿರಿದು, ರುಜು ಹಾಕಿ ಬಂದರು. ಓದಿದ ಊರು ನಮ್ಮದು. ಬಣ್ಣ ಗುರುತಿಸಲಾರದಷ್ಟು ಓದಿದ ಊರು.

ಗೋಂದಕ್ಕನಿಗೆ ಬಂದದ್ದು ಮುಂದೆ ಬುಟ್ಟಿ ಇರುವ ಕೆಂಪು ಲೇಡೀಸ್ ಸೈಕಲ್ಲು.

“ಇದು ನನ್ನದಲ್ಲ ಸಾರ್.” ಮೈಕು ಪಕ್ಕದಲ್ಲೇ ಇತ್ತು. ಸಭೆಗೆಲ್ಲ ಕೇಳಿಸಿತು.

ಇನ್ಸ್‌ಪೆಕ್ಟರು ನಕ್ಕರು. “ಕಳ್ಳ ಬಣ್ಣ ಬದಲಾಯಿಸಿರ್ತಾನಮ್ಮ. ತಗೊಳ್ಳಿ.”

“ಬಣ್ಣ ಬದಲಾಯಿಸ್ಲಿ ಸಾರ್. ಗಂಡಸನ್ನ ಹೆಂಗಸು ಮಾಡಿದ್ದು ಯಾವ ಡಾಕ್ಟ್ರು?”

ಹಿಂದಿನ ಸಾಲಿನ ಹುಡುಗರು ಹೋ ಎಂದರು. ಇನ್ಸ್‌ಪೆಕ್ಟರು ಮೈಕಿಗೆ ಕೈ ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ, “ನಿಮಗೊಂದು ಸೈಕಲ್ ಬೇಕು, ಇಲ್ಲೊಂದು ಸೈಕಲ್ ಇದೆ. ಯಾಕಮ್ಮ ರಗಳೆ?” ಎಂದರು. ಅವಳು ಬಟ್ಟೆ ಮುಸುಕಿದವನ ಕಡೆ ನೋಡಿದಳು.

“ನಾನು ತಗೊಂಡ್ರೆ ಅವನು ಕದ್ದ ಹಾಗಾಯ್ತು ತಾನೇ? ಬೇರೆ ಯಾರಿಗಾದ್ರೂ ಕೊಡಿ. ಇಲ್ಲಿ ಇಸ್ಕೊಳ್ಳೋರಿಗೆ ಬರವಿಲ್ಲ.”

ರುಜು ಹಾಕದೆ ಇಳಿದು ಬಂದಳು.

ಆಮೇಲಿನದನ್ನು ಊಹಿಸಬಹುದು. ಥೀಸಿಸ್‌ಗಳು ಗೋಂದಕ್ಕನ ಗಲ್ಲಿಯನ್ನು ಮರೆತವು. ಅವಳು ಮೊದಲಿನಿಂದಲೂ ತಮ್ಮನ ಮನೆಯಲ್ಲಿದ್ದಳು. ತಮ್ಮ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ, ಇನ್ನೂ ಖಾಯಂ ಆಗಿರಲಿಲ್ಲ. ನನ್ನೆದುರೇ ಗೋಳಾಡಿದ.

“ಅಕ್ಕ, ಸುಮ್ನೆ ಒಂದು ಸೈಕಲ್ ತಳ್ಳಿಕೊಂಡು ಬಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ಗಂಟಲ್ಲ ಕಣೋ. ಅವನ ಗಂಟು.”

“ಅವನು ನಿನಗೆ ಅಣ್ಣನಾ ತಮ್ಮನಾ? ನಿನ್ನ ಕೈಲಿ ಬೈಸಿಕೊಳ್ಳೋನು!”

“ಅದಕ್ಕೇ. ಬೈಯೋಕೆ ಮನುಷ್ಯ ಬೇಡ್ವಾ?”

ಕೋರ್ಟಿನಲ್ಲೂ ಅದನ್ನೇ ಹೇಳಿದಳು, ನನ್ನ ಸೈಕಲ್ಲಲ್ಲ ಎಂದು. ಉಳಿದವರೆಲ್ಲ ತಮ್ಮದೇ ಎಂದರು. ತೀರ್ಪು ಬಂತು. ಗೋಂದಕ್ಕನ ಸೈಕಲ್ಲಿನ ಮಟ್ಟಿಗೆ ಆರೋಪ ಸಾಬೀತಾಗಿಲ್ಲ, ಉಳಿದವುಗಳಲ್ಲಿ ಅಪರಾಧಿ, ಎರಡು ವರ್ಷ ಜೈಲು. ಒಂದು ಸೈಕಲ್ಲಿನಷ್ಟು ಮಾತ್ರ ನಿರಪರಾಧಿ! ಇಷ್ಟು ನಾಜೂಕಾಗಿ ನ್ಯಾಯವನ್ನು ಕತ್ತರಿಸುವ ಯಂತ್ರ ಗೋಂದಕ್ಕನ ಅಂಗಡಿಯಲ್ಲೂ ಇರಲಿಲ್ಲ.

ಆ ಹೊತ್ತಿಗೆ ಅವಳಿಗೆ ಉಸಿರಾಟದ ತೊಂದರೆ ಜೋರಾಗಿತ್ತು. ಕಾಗದದ ಧೂಳು ಶ್ವಾಸಕೋಶ ಸೇರಿದೆ ಎಂದರು ಡಾಕ್ಟರು. ತಕ್ಕಡಿಯ ವಕೀಲೆ ಚಿಕ್ಕ ವಯಸ್ಸಿನ ಹುಡುಗಿ, ಸರ್ಕಾರ ಕೊಟ್ಟವಳು. ಸೈಕಲ್ ಪಡೆದವರಲ್ಲಿ ಒಂದಿಷ್ಟು ಜನ ‘ನನ್ನದಲ್ಲ’ ಎಂದು ಬರೆದುಕೊಟ್ಟರೆ ಮೇಲಿನ ಕೋರ್ಟಿನಲ್ಲಿ ಜಾಮೀನು ಖಂಡಿತ ಎಂದಳು. ಗೋಂದಕ್ಕ ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತಳು.

ಎಷ್ಟು ಬಾಗಿಲು ತಟ್ಟಿದೆವೋ. ಗ್ರಂಥಪಾಲಕರು ಮನೆಯಲ್ಲಿಲ್ಲ ಎಂದು ಗ್ರಂಥಪಾಲಕರೇ ಒಳಗಿನಿಂದ ಕೂಗಿದರು. ಇತಿಹಾಸದ ಅಧ್ಯಾಪಕರಿಗೆ ಹೋದ ವರ್ಷದ್ದು ಜ್ಞಾಪಕವಿರಲಿಲ್ಲ. ಕೊನೆಗೆ ಮೇಷ್ಟ್ರ ಮನೆ. ವರಾಂಡದಲ್ಲಿ ನೀಲಿ ಸೈಕಲ್ಲು. ಗೋಂದಕ್ಕ ಮೆಟ್ಟಿಲ ಮೇಲೇ ಕೂತು ಉಸಿರು ತೆಗೆದುಕೊಂಡಳು.

“ನೋಡಮ್ಮ,” ಎಂದರು ಮೇಷ್ಟ್ರು, “ಇದು ಒಬ್ಬ ವ್ಯಕ್ತಿಯ ಪ್ರಶ್ನೆಯಲ್ಲ. ಊರಿನ ಹೆಸರಿನ ಪ್ರಶ್ನೆ.”

“ಊರಿನ ಹೆಸರು ಜೈಲಲ್ಲಿಲ್ಲ ಸಾರ್. ನಿಮ್ಮ ಸೈಕಲ್ಲಿಗೆ ಗೇರ್ ಇತ್ತಾ, ಅಷ್ಟು ಹೇಳಿ.”

“ಅಷ್ಟೆಲ್ಲ ನೆನಪಿಟ್ಕೊಳ್ಳೋಕಾಗುತ್ತಾ?”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ಗೇರೆಲ್ಲಿತ್ತು ರೀ? ಬೆಲ್ಲೇ ಇರ್ಲಿಲ್ಲ ಅದಕ್ಕೆ.”

“ನೀನು ಸುಮ್ನಿರು.”

ಆಕೆ ಸುಮ್ಮನಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. “ಅದು ನಮ್ಮಣ್ಣ ಕೊಡಿಸಿದ್ದು. ಹಸಿರು. ಇದನ್ನ ತಂದ ದಿನದಿಂದ ಹೇಳ್ತಿದೀನಿ, ಯಾರದೋ ವಸ್ತು ಮನೇಲಿ ಬೇಡ ಅಂತ. ಕಳ್ಳತನದ ಬಗ್ಗೆ ಪುಸ್ತಕ ಬರೆದೋರು ಇವ್ರು, ನನ್ನ ಮಾತು ಕೇಳ್ತಾರಾ?” ಗೋಂದಕ್ಕನ ಕಡೆ ತಿರುಗಿ, “ಎಲ್ಲಿ ರುಜು ಹಾಕ್ಬೇಕು ಹೇಳಿ. ಮೊದಲು ಒಳಗೆ ಬನ್ನಿ, ನೀರು ಕುಡೀರಿ” ಎಂದರು.

ಮೇಷ್ಟ್ರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಆ ಸುದ್ದಿ ಹಬ್ಬಿತು ನೋಡಿ, ಊರಿಗೆ ಕಣ್ಣು ಬಂತು. ರಟ್ಟು ಕಟ್ಟುವವಳು ಹೇಳಿದಾಗ ಕಾಣದ ಬಣ್ಣ ದೊಡ್ಡ ಮನೆಯ ಹೆಂಗಸು ಹೇಳಿದ ಮೇಲೆ ಕಾಣತೊಡಗಿತು. ಗ್ರಂಥಪಾಲಕರು ಮನೆಯಲ್ಲಿ ಸಿಕ್ಕರು. ಇತಿಹಾಸದವರಿಗೆ ಇತಿಹಾಸ ನೆನಪಾಯಿತು. ಪಶ್ಚಾತ್ತಾಪವೆಂದು ನಾನು ನಂಬುವುದಿಲ್ಲ, ಒಬ್ಬರೇ ಉಳಿದುಬಿಟ್ಟೇವೆಂಬ ಭಯ, ಅಷ್ಟೇ. ಆದರೆ ಕಾಗದಕ್ಕೆ ಬೇಕಾದದ್ದು ರುಜು. ಅದು ಸಿಕ್ಕಿತು.

ಜಾಮೀನು ಆದ ದಿನ ಗೋಂದಕ್ಕ ಆಸ್ಪತ್ರೆಯಲ್ಲಿದ್ದಳು. ತಕ್ಕಡಿ ಜೈಲಿನಿಂದ ನೆಟ್ಟಗೆ ವಾರ್ಡಿಗೇ ಬಂದ. ಅರ್ಧ ಇಳಿದುಹೋಗಿದ್ದ. ಮಂಚದ ಪಕ್ಕ ನಿಂತು ಅಳಲು ಶುರುಮಾಡಿದ.

ಅವಳು ಮೂಗಿನ ಮೇಲಿದ್ದ ಮಾಸ್ಕನ್ನು ಎತ್ತಿ, “ಹೆಂಡತಿ ಮುಖ ನೋಡಿದ್ಯಾ?” ಎಂದಳು.

“ಇನ್ನೂ ಇಲ್ಲ ಅಕ್ಕಾ.”

“ಮತ್ತಿಲ್ಲೇನು ಕಿಸೀತಿದೀಯ? ಹೋಗೋ ಮನೆಗೆ.”

ಅವನು ಹೋದ. ಅವಳು ಮಾಸ್ಕ್ ಇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಅವಳ ಕಾಲ ಬಳಿ ಕೂತಿದ್ದೆ. ಅವಳಿಂದ ನಾನು ಕೇಳಿದ ಕೊನೆಯ ಪೂರ್ತಿ ಮಾತು ಅದೇ. ನನಗೆ ಹೇಳಿದ್ದಲ್ಲ ಎಂದು ಮೊದಲು ನೋವಾಗಿತ್ತು. ಈಗ ಇಲ್ಲ.

ಸಾವಿಗೆ ಬಂದವರು ಬೆರಳೆಣಿಕೆ. ದೇಹ ಎತ್ತುವಾಗ ತಕ್ಕಡಿ ಹೆಗಲು ಕೊಡಲು ಮುಂದೆ ಬಂದ. ತಮ್ಮ ಅತ್ತಿತ್ತ ನೋಡಿದ. ಆಫೀಸಿನವರು ಒಂದಿಬ್ಬರಿದ್ದರು. ಆಮೇಲೆ ತಾನೇ ಹಿಂದಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವನಿಂದ ಅಷ್ಟಾದರೂ ಆಯಿತು.

ಮೇಲಿನ ಕೋರ್ಟಿನಲ್ಲಿ ಕೇಸು ಇನ್ನೂ ಇದೆ. ಅದು ಮುಗಿಯುವವರೆಗೆ ತಕ್ಕಡಿ ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ರುಜು ಹಾಕಬೇಕು. ಮಣ್ಣು ಮಾಡಿದ ದಿನವೇ ಅವನ ಸರದಿ. ತಡವಾಯಿತೆಂದು ಅವನು ಹೆದರಿದ್ದರಿಂದ ನಾನೇ ಸ್ಕೂಟರಿನಲ್ಲಿ ಬಿಟ್ಟು ಜೊತೆಗೆ ಒಳಗೆ ಹೋದೆ.

“ಎಲ್ಲೋ ಹಾಳಾಗ್ ಹೋಗಿದ್ದೆ ಇಷ್ಟೊತ್ತು?” ಎಂದರು ಇನ್ಸ್‌ಪೆಕ್ಟರು.

“ಗೋಂದಕ್ಕನ್ನ ಮಣ್ಣು ಮಾಡಿ ಬಂದೆ ಸಾರ್.”

“ಯಾರು? ಓ, ಸೈಕಲ್ ಬೇಡ ಅಂದವಳಾ?”

ತಕ್ಕಡಿ ಪೆನ್ನು ಕೈಗೆ ತೆಗೆದುಕೊಂಡ. ತಲೆ ಎತ್ತಲಿಲ್ಲ.

“ಬೇಡ ಅನ್ನಲಿಲ್ಲ ಸಾರ್. ನನ್ನದಲ್ಲ ಅಂದ್ರು” ಎಂದು, ರುಜು ಹಾಕಿದ.