ಒಬ್ಬಳದೇ ಸಾಲು

ಅಲೆವೂರಿನ ಸೆವ್ರಿನ್ ಬಾಯಿ ಮನೆಯಲ್ಲೇ ಶಾಲೆ ನಡೆಸುತ್ತಾರೆ. ಟೀಚರೂ ಹೆಡ್‌ಮಿಸ್ಸೂ ಅವರೇ, ವಿದ್ಯಾರ್ಥಿನಿ ಮಗಳು ರಿಶೆಲ್ ಒಬ್ಬಳೇ. ಅವರ ಚರಿತ್ರೆ ಪಾಠಕ್ಕೆ ಪುಸ್ತಕಕ್ಕಿಂತ ಋತುವೇ ಮುಖ್ಯ. ಬೇಸಗೆಯಲ್ಲಿ ಉಪ್ಪಿನ ಸತ್ಯಾಗ್ರಹವೆಂದು ಕಾಪು ಕಡಲಿನ ನೀರು ತಂದು ಕುದಿಸಿ, ಆ ಕಹಿ ಉಪ್ಪನ್ನೇ ಗಂಜಿಗೆ ಹಾಕುತ್ತಾರೆ. ಜಡಿಮಳೆಯಲ್ಲಿ ಬ್ರಿಟಿಷರನ್ನು ಓಡಿಸುವ ಪಾಠ. ಬ್ರಿಟಿಷರ ಪಾತ್ರ ಯಾವತ್ತೂ ಅವರದೇ, ಹಿಡಿಸೂಡಿ ಪೊರಕೆಯ ಪೆಟ್ಟೂ ಅವರಿಗೇ. ‘ಇನ್ನೂ ಜೋರು ಹೊಡಿ ಮಾರಾಯ್ತಿ, ಇಷ್ಟಕ್ಕೆಲ್ಲ ಹೋಗುವವರಲ್ಲ ಅವರು!’ ಎಂದು ಕಿರುಚುತ್ತಾರೆ. ಇರುವ ಒಬ್ಬಳಿಗೇ ‘ಸಾಲು ನೇರ ಉಂಟಾ?’ ಎಂದು ಗದರುತ್ತಾರೆ. ರಿಶೆಲಳ ಕೈಗಳು ಹುಟ್ಟಿನಿಂದಲೂ ತಾವಾಗಿಯೇ ನಡುಗುತ್ತವೆ. ಅದು ಧ್ವಜಕ್ಕೆ ಅವಮಾನವೆಂದು ಹಿಂದಿನ ಶಾಲೆಯಲ್ಲಿ ರಾಷ್ಟ್ರಗೀತೆ ಮುಗಿಯುವ ತನಕ ಅವಳನ್ನು ಕೋಣೆಯೊಳಗೆ ಕೂರಿಸುತ್ತಿದ್ದರು. ‘ಅಲುಗಾಡದ ದೇಶಭಕ್ತಿ ನಿಮಗೇ ಇರಲಿ’ ಎಂದು ಹೇಳಿ ಸೆವ್ರಿನ್ ಬಾಯಿ ಮಗಳನ್ನು ಬಿಡಿಸಿ ತಂದಿದ್ದರು. ಈ ಆಗಸ್ಟ್ ಹದಿನೈದಕ್ಕೆ ತಾರಸಿಯ ಮೇಲೆ ಮನೆಶಾಲೆಯ ಮೊದಲ ಧ್ವಜವಂದನೆ. ರಿಶೆಲಳೇ ಹಗ್ಗ ಎಳೆದಳು, ಬಾವುಟ ಬಿಚ್ಚಿಕೊಂಡಿತು. ತಾಯಿ ಹಾಡಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲಿಳಿಯತೊಡಗಿದ್ದಳು. ‘ಎಲ್ಲಿಗೆ ಮಗಾ?’ ಎಂದರು. ‘ಇನ್ನು ಜನಗಣಮನ ಅಲ್ವಾ ಮಮ್ಮಾ? ನಾನು ಒಳಗೆ ಕೂತಿರ್ತೇನೆ. ಮುಗಿದ ಮೇಲೆ ಕರಿ, ಆಯ್ತಾ?’